ಕಳೆಯಬೇಕಾಗಿದ್ದ ನೀರು

ಸೇಡಂ
೧೨ ಜನವರಿ ೨೦೨೫

ಶ್ರೀ ಕಾಶೀನಾಥ ಅವರಿಗೆ,

ದೇವಿಕಾಳ ಶರಣಾರ್ಥಿ. ನಿಮ್ಮ ಫೋನ್ ಎತ್ತದೆ ವಾರವಾಯಿತು, ಸಿಟ್ಟಾಗಬೇಡಿ. ಫೋನಿನಲ್ಲಾದರೆ ನೀವು ನಡುವೆ ಬಾಯಿ ಹಾಕುತ್ತೀರಿ. ಕಾಗದದಲ್ಲಾದರೆ ಕೊನೆಯವರೆಗೂ ನನ್ನ ಮಾತೇ. ಇಲ್ಲಿ ಅವ್ವ ಆರಾಮಿದ್ದಾಳೆ. ನಾನು ಕಲಿಸುವ ಕಾಲೇಜಿನ ಹುಡುಗಿಯರು ನನ್ನನ್ನು 'ಡಾಕ್ಟರ್ ಮೇಡಂ' ಎನ್ನುತ್ತಾರೆ. ಪಿಎಚ್‌ಡಿ ಮುಗೀಲಿಲ್ರವ್ವ ಎಂದು ಹೇಳಿ ಹೇಳಿ ಸಾಕಾಗಿದೆ.

ಕಳೆದ ಸೋಮವಾರ ಅತ್ತೆ ಚಿತ್ತಾಪುರದಿಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕಟ್ಟಿಕೊಂಡು ಬಂದಿದ್ದರು. ಅಡುಗೆಮನೆಯಲ್ಲಿ ನನ್ನ ಹಳೆಯ ಲ್ಯಾಬಿನ ಬಾಟಲಿ ಕಂಡು ನಕ್ಕರು. "ನೀ ಇಂದೋರಿಗಿ ಹೋಗೂ ಮುಂದ ಫ್ರಿಜ್‌ನಾಗ ಇಟ್ಟಿದ್ದಿ, ಇದೇ ಅಲ್ಲೇನವ್ವ? ಅವತ್ತು ನಳ ಬಂದಿತ್ತು. ಮನ್ಯಾಗಿನ ಹಳೀ ನೀರೆಲ್ಲ ಚೆಲ್ಲಿ ಕೊಡ ತುಂಬ್ದೆ. ಇದಕ್ಕೂ ತಾಜಾ ನೀರು ತುಂಬಿಟ್ಟೆ. ಭಾಳ ದೂರ ಹೊಂಟಾಳ, ಹಾದ್ಯಾಗ ಕುಡೀಲಿ ಅಂತ."

ನಳ ಬಂದ ದಿನ ಹಳೆಯ ನೀರು ಉಳಿಸಬಾರದೆಂಬ ನಿಮ್ಮ ಮನೆಯ ಪದ್ಧತಿ ನನಗೇನು ಹೊಸದಲ್ಲ. ಆದರೂ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟು, ಇನ್ನೊಮ್ಮೆ ಹೇಳಿರೆಂದೆ.

ನಿಮಗೆ ಎಷ್ಟು ಸಲ ಹೇಳಿದ್ದೆ! ತೊಗರಿಯ ಪ್ರೋಟೀನನ್ನು ದ್ರಾವಣದಲ್ಲೇ ಇಟ್ಟು ಇಂದೋರಿನ ಯಂತ್ರದಲ್ಲಿ ಎಕ್ಸ್-ರೇ ಹಾಯಿಸಿದರೆ ಕಿರಣಗಳು ಚದುರುತ್ತವೆ. ಚದುರಿದ ರೀತಿ ನೋಡಿ ಅದು ಮುದುಡಿದೆಯೋ ಬಿಚ್ಚಿಕೊಂಡಿದೆಯೋ ತಿಳಿಯಬಹುದು. ಆದರೆ ಸುತ್ತಲಿನ ನೀರೂ ಕಿರಣ ಚದುರಿಸುತ್ತದೆ. ಅದಕ್ಕೇ ಪ್ರೋಟೀನ್ ನೆನೆದಿದ್ದ ಅದೇ ಹುಳಿ ಉಪ್ಪುನೀರನ್ನು ಬೇರೆಯಾಗಿ ಅಳೆದು, ಲೆಕ್ಕದಿಂದ ಕಳೆಯಬೇಕು. ಬಾಟಲಿಯಲ್ಲಿದ್ದದ್ದು ಆ ನೀರು. ನಾನು ಕಳೆದದ್ದು ಚಿತ್ತಾಪುರದ ನಳದ ನೀರನ್ನು. ಮುದುಡಿಯೇ ಇದ್ದ ಪ್ರೋಟೀನ್ ಹುಳಿಯಲ್ಲಿ ಬಿಚ್ಚಿಕೊಂಡಂತೆ ಕಂಡಿತು, ಕುಣಿದಾಡಿ ಪ್ರಕಟಿಸಿದೆ. ಬೇರೆಯವರು ಅಳೆದಾಗ ಅದು ಬಿಚ್ಚಿಕೊಳ್ಳಲೇ ಇಲ್ಲ. ಅಂಕಿ ತಿದ್ದಿದವಳೆಂದು ನನ್ನನ್ನು ಹೊರಗೆ ಹಾಕಿದರು. ನನ್ನ ಗೈಡ್ ಇವತ್ತಿಗೂ ನನ್ನ ಹೆಸರೆತ್ತಿದರೆ ಮುಖ ತಿರುಗಿಸುತ್ತಾರಂತೆ.

ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ಸೊಸೆಗೆ ಬಾಯಾರೀತು ಅಂದುಕೊಂಡವರು ಅವರೊಬ್ಬರೇ. ಅವರನ್ನು ಬಯ್ಯಬೇಡಿ. ನಾಳೆ ಗೈಡ್‌ಗೆ ಎಲ್ಲ ಬರೆಯುತ್ತೇನೆ. ನಂಬುತ್ತಾರೋ, ಬಿದ್ದು ಬಿದ್ದು ನಗುತ್ತಾರೋ, ಬಸವಣ್ಣನೇ ಬಲ್ಲ.

ವಾಡಿಯಲ್ಲಿ ಚಳಿ ಜೋರಂತೆ. ಡ್ಯೂಟಿಗೆ ಹೋಗುವಾಗ ಮಫ್ಲರ್ ಕಟ್ಟಿಕೊಳ್ಳಿ. ನಿಮಗೆ ಒಳ್ಳೆಯದಾಗಲಿ, ಅಷ್ಟು ಹೇಳಲು ಇನ್ನೂ ಬಾಯಿ ಬರುತ್ತದೆ.

ಇಂತಿ,
ದೇವಿಕಾ

ತಾ.ಕ.: ಬಸ್ಸು ಹತ್ತಿಸಲು ಹೋದಾಗ ಕಿಟಕಿಯಿಂದ ನಿಮ್ಮವ್ವ ಇನ್ನೊಂದು ಮಾತು ಹೇಳಿದರು. "ನಿನ್ನ ವಿಚಾರಣಿ ಹಿಂದಿನ ದಿನ ಕಾಶ್ಯಾ ನನಗ ಕೇಳ್ದ, ಆ ಬಾಟ್ಲಿ ಮುಟ್ಟಿದ್ದೇನು ಅಂತ. ತಾಜಾ ನೀರು ತುಂಬೀನಪಾ ಅಂದೆ. ಯಾರ ಮುಂದೂ ಹೇಳಬ್ಯಾಡ ಅಂದ. ನಿನಗ ಹೇಳ್ಯಾನಲ್ಲ?"

"ಹೇಳ್ಯಾರ್ರಿ ಅತ್ತಿ" ಎಂದೆ. ಅವರು ನಿಮಗೆ ಹಾಗೆಂದ ಮರುದಿನವೇ ವಿಚಾರಣೆಯ ಕೋಣೆಯ ಹೊರಗೆ, ಬೆಂಚಿನ ಮೇಲೆ ನನ್ನ ಕೈ ಹಿಡಿದುಕೊಂಡು ನೀವು ಕೇಳಿದ್ದಿರಿ: "ನನ್ನ ಮುಂದರೆ ಖರೇ ಹೇಳು ದೇವಿಕಾ, ಅಂಕಿ ನೀನೇ ತಿದ್ದೀದಿ ಹೌದಿಲ್ಲೋ?"