ಛತ್ರಿ ಅಂಗಡಿಯ ಇಪ್ಪತ್ತನಾಲ್ಕನೆಯ ಕಂತು

ಮಂಗಳವಾರ, ಸಂಜೆ ಐದೂವರೆ
ಸ್ಟಾಫ್ ರೂಮು

ಪ್ರೀತಿಯ ಇವಳೇ,

ಫೋನಿನಲ್ಲಿ ನಾವಿಬ್ಬರೂ ‘ಊಟ ಆಯ್ತಾ’, ‘ಆಯ್ತು’ ಎನ್ನುವುದರ ಆಚೆಗೆ ಹೋಗುವುದಿಲ್ಲ. ಅದಕ್ಕೇ ಈ ಕಾಗದ. ನಾನು ಚೆನ್ನಾಗಿದ್ದೇನೆ ಎಂದು ಮೊದಲು ಬರೆಯಬೇಕಲ್ಲ, ಬರೆದೆ ಎಂದುಕೊ. ಎದುರಿಗೆ ಎರಡು ಕಟ್ಟು ಸಂಖ್ಯಾಶಾಸ್ತ್ರದ ಉತ್ತರ ಪತ್ರಿಕೆಗಳಿವೆ. ಒಬ್ಬ ಮಹಾನುಭಾವ ಸಂಭವನೀಯತೆ ಒಂದೂಮುಕ್ಕಾಲು ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾನೆ. ಬೈಯಲೂ ತ್ರಾಣವಿಲ್ಲ.

ವಿಷಯಕ್ಕೆ ಬರುತ್ತೇನೆ. ನಮ್ಮ ಅನಿಮೆ ಸಂಘವನ್ನು ಈ ಶನಿವಾರ ಮುಚ್ಚುತ್ತಿದ್ದಾರೆ. ಮಕ್ಕಳೆಲ್ಲ ಕೊನೆಯ ವರ್ಷದವರು, ಹೊಸಬರು ಯಾರೂ ಸೇರಲಿಲ್ಲ, ಕೋಣೆ ಹಳೆಯ ಉತ್ತರ ಪತ್ರಿಕೆ ತುಂಬಿಡಲು ಬೇಕಂತೆ. ನಾನು ಅದರ ಸಲಹೆಗಾರನಾದ ಕಥೆ ಕೇಳಿ ನೀನು ಎಷ್ಟು ನಕ್ಕಿದ್ದೆ! ಯಾರು ವಹಿಸಿಕೊಳ್ಳುತ್ತೀರಿ ಎಂದು ಪ್ರಿನ್ಸಿಪಾಲರು ಕೇಳಿದಾಗ ಉಳಿದವರೆಲ್ಲ ಸೂರು ನೋಡುತ್ತಿದ್ದರು, ನಾನು ತೂಕಡಿಸುತ್ತಿದ್ದೆ. ತಲೆ ಆಡಿದ್ದು ನನ್ನದೊಂದೇ. ಅಂದಿನಿಂದ ಮೂರು ವರ್ಷ, ಜಪಾನಿನ ಕಾರ್ಟೂನು ನೋಡುವ ಏಳು ಮಕ್ಕಳ ಹಿಂದೆ, ಕಾಲು ಅಲ್ಲಾಡುವ ಕುರ್ಚಿಯಲ್ಲಿ ಕೂತಿದ್ದೇನೆ. ಕಾರ್ಟೂನು ಅಂದರೆ ಇವತ್ತಿಗೂ ಏಳು ಜನವೂ ಒಟ್ಟಿಗೆ ತಿದ್ದುತ್ತಾರೆ.

ಸಂಘದ ಕಟ್ಟಳೆ ನೆನಪಿದೆಯಲ್ಲ? ಒಂದು ಧಾರಾವಾಹಿಯ ಮೊದಲ ಕಂತಿಗೆ ಯಾರು ಯಾರು ರಿಜಿಸ್ಟರಿಗೆ ಸಹಿ ಹಾಕಿದ್ದಾರೋ, ಕೊನೆಯ ಕಂತಿಗೆ ಅವರೆಲ್ಲ ಇರಲೇಬೇಕು. ಒಬ್ಬರು ಬರದಿದ್ದರೂ ಮುಂದಕ್ಕೆ. ನನಗೆ ಹಲ್ಲುನೋವು ಬಂದಾಗ ಒಬ್ಬ ಖಳನಾಯಕ ಎರಡು ತಿಂಗಳು ಬಂಡೆಯ ತುದಿಯಲ್ಲಿ ನೇತಾಡಿದ. ಶೀರ್ಷಿಕೆ ಗೀತೆಗೇ ಕಣ್ಣೊರೆಸಿಕೊಳ್ಳುವ ನಮ್ಮ ಅಳುಬುರುಕನಿಗೆ ಕಾಮಾಲೆಯಾದಾಗ ಉಳಿದ ಆರು ಜನ ಇಡೀ ಮಳೆಗಾಲ ಕಾದರು. ಆ ರಿಜಿಸ್ಟರು ಹಿಡಿದಿರುವ ಕಾರ್ಯದರ್ಶಿ ಹುಡುಗಿ ನಮ್ಮ ಪ್ರಿನ್ಸಿಪಾಲರಿಗಿಂತ ಖಡಕ್ಕು.

ಕಳೆದ ವರ್ಷ ಪ್ರೊಜೆಕ್ಟರು ಸುಟ್ಟುಹೋಗಿ ಅವರೆಲ್ಲ ಶನಿವಾರ ಶನಿವಾರ ನಮ್ಮ ಮನೆಗೇ ಬರತೊಡಗಿದರು. ಮೊದಲ ವಾರ ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಇದೇನಿದು ಮುಖದ ತುಂಬ ಕಣ್ಣೇ ಇದೆಯಲ್ಲ ಎಂದೆ. ಮೂರನೆಯ ವಾರ ಸೋಫಾದ ಮೇಲಿದ್ದೆ. ಆರನೆಯ ವಾರಕ್ಕೆ, ‘ಸ್ವಲ್ಪ ಆ ಪೇಪರ್ ಸದ್ದು ನಿಲ್ಸ್ತೀರಾ’ ಎಂದು ನನ್ನನ್ನೇ ಗದರಿದೆ. ಆ ಛತ್ರಿ ಅಂಗಡಿಯ ಕಥೆಯಲ್ಲಿ ಏನೂ ನಡೆಯುವುದಿಲ್ಲ. ರೈಲು ನಿಲ್ದಾಣದ ಪಕ್ಕ ಒಬ್ಬ ಹುಡುಗಿ ಛತ್ರಿ ರಿಪೇರಿ ಮಾಡುತ್ತಾಳೆ, ಒಬ್ಬ ತನ್ನ ಹಸಿರು ಛತ್ರಿ ಕೊಟ್ಟು ಹೋದವನು ವಾಪಸು ಬಂದಿಲ್ಲ, ಅಷ್ಟೇ. ಅವನು ಬಂದೇ ಬರುತ್ತಾನೆ ಎಂದು ನೀನು. ಬರುವುದಿಲ್ಲ ಎಂದು ನಾನು, ತಲೆ ಎತ್ತದೆ. ಇಪ್ಪತ್ತಮೂರನೆಯ ಕಂತು ಅಲ್ಲಿಗೆ ಮುಗಿಯಿತು. ಮುಂದಿನ ಶನಿವಾರ ನೀನು ನಿನ್ನ ಅಕ್ಕನ ಮನೆಯಲ್ಲಿದ್ದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಆ ಬೆಳಿಗ್ಗೆ ನೀನು ಹೇಳಿಯೇ ಹೋದೆ. ನಾನು ‘ಹ್ಞೂಂ’ ಎಂದಿದ್ದೆ. ಯಾವುದಕ್ಕೆ ಹ್ಞೂಂ ಎಂದೆನೆಂದು ಗೊತ್ತಾದದ್ದು ಸಂಜೆ, ಎರಡು ಸಲ ಕೂಗಿದರೂ ನೀನು ಓಗೊಡದಿದ್ದಾಗ. ನಿಮ್ಮ ಹತ್ತಿರ ಮಾತಾಡೋದೂ ಒಂದೇ, ಗೋಡೆ ಹತ್ತಿರ ಮಾತಾಡೋದೂ ಒಂದೇ ಎಂದು ನೀನು ಎಷ್ಟು ಸಲ ಹೇಳಿದ್ದೆ! ಅದಕ್ಕೂ ನಾನು ಹ್ಞೂಂ ಎಂದಿರಬೇಕು. ನೆನೆದರೆ ನಾಚಿಕೆಯಾಗುತ್ತದೆ.

ನೀನು ಹೋದಮೇಲೆ ಹೊಸ ಪ್ರೊಜೆಕ್ಟರು ಬಂದು ಸಂಘ ಕಾಲೇಜಿನ ಕೋಣೆಗೆ ಮರಳಿತು, ಕಾರ್ಯದರ್ಶಿ ನನ್ನ ಕೆಂಪು ಪೆನ್ನು ಕಿತ್ತುಕೊಂಡಳು. ಕೋಣೆಯೊಳಗೆ ಪೇಪರು ತಿದ್ದುವಂತಿಲ್ಲ, ಕೂತರೆ ನೋಡಬೇಕು ಎಂದಳು. ಎಂಟು ತಿಂಗಳಿಂದ ಬೇರೆ ಬೇರೆ ಧಾರಾವಾಹಿ ಕೂತು ನೋಡುತ್ತಿದ್ದೇನೆ. ಇನ್ನೊಬ್ಬರ ಪಕ್ಕ ಒಂದು ಗಂಟೆ ಸುಮ್ಮನೆ ಕೂತು ಅವರು ನೋಡುವುದನ್ನೇ ನೋಡುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಮೊದಮೊದಲು ಬೆರಳು ತುರಿಸುತ್ತಿದ್ದವು. ಈಗ ಪರವಾಗಿಲ್ಲ.

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಆ ಛತ್ರಿಯ ಕೊನೆಯ ಕಂತು. ನಿನ್ನ ಹೆಸರು ರಿಜಿಸ್ಟರಿನಲ್ಲಿ ಇರುವುದರಿಂದ, ಮೇಡಂ ಬರದೆ ನಡೆಯೋದೇ ಇಲ್ಲ ಸರ್ ಎಂದು ಕಾರ್ಯದರ್ಶಿ ಪಟ್ಟು ಹಿಡಿದಿದ್ದಾಳೆ. ಏಳು ಮಕ್ಕಳು ಪಾಪ ಕಾಯುತ್ತಿದ್ದಾರೆ. ನನಗೋಸ್ಕರ ಅಲ್ಲ, ಅವರಿಗೋಸ್ಕರ ಬಂದು ಹೋಗು. ಆಮೇಲೆ ಬಸ್ಸು ಹತ್ತಿಸುತ್ತೇನೆ. ಹತ್ತಬೇಕೆಂದರೆ.

ನಿನ್ನ
ಇವರು

ಮರೆತ ಮಾತು: ಇಷ್ಟು ಬರೆದು ಅಂಟು ಹಚ್ಚಿದವನು ಮತ್ತೆ ಲಕೋಟೆ ಬಿಚ್ಚಿದ್ದೇನೆ. ರಿಜಿಸ್ಟರಿನಲ್ಲಿ ನಿನ್ನ ಹೆಸರು ಇಲ್ಲ. ಮೊದಲ ದಿನ ನೀನು ಬಾಗಿಲಲ್ಲೇ ನಿಂತಿದ್ದೆ, ಸಹಿ ಹಾಕಲಿಲ್ಲ. ಮಕ್ಕಳು ಆ ಕಂತನ್ನು ಕಳೆದ ತಿಂಗಳೇ ನೋಡಿ ಮುಗಿಸಿದರು. ಅಲ್ಲಿಯವರೆಗೆ ಏನೇನೋ ನೆಪ ಹೇಳಿ ಅದನ್ನು ಮುಂದೂಡಿಸುತ್ತಿದ್ದವನು, ಕೊನೆಗೆ ನನ್ನ ಹೆಸರು ಹೊಡೆದುಹಾಕಮ್ಮ ಎಂದು ಕಾರ್ಯದರ್ಶಿಯನ್ನು ಕೇಳಿಕೊಂಡು ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಶನಿವಾರ ಕೋಣೆಯ ಬೀಗದ ಕೈ ನನ್ನ ಹತ್ತಿರ ಇರುತ್ತದೆ, ಇರುವುದು ನಾವಿಬ್ಬರೇ. ಮಕ್ಕಳು ಅದನ್ನು ನೋಡಿದ ದಿನ ಅಳುಬುರುಕ ಕಣ್ಣೊರೆಸಿಕೊಂಡು ಹೊರಗೆ ಬಂದ. ಅವನು ಎಲ್ಲದಕ್ಕೂ ಅಳುತ್ತಾನಾದ್ದರಿಂದ ಏನೂ ತಿಳಿಯಲಿಲ್ಲ. ಛತ್ರಿಯವನು ಬಂದನೋ ಇಲ್ಲವೋ, ನಾನು ಇನ್ನೂ ಯಾರನ್ನೂ ಕೇಳಿಲ್ಲ.