ಹುಣಸೆಹಣ್ಣು ಹಾಕಿ ತೊಳೆದ ರೆಂಚು

ಅಪ್ಪಯ್ಯಾ,

ಇವತ್ತು ನಿನ್ನ ಜೊತೆ ಜಗಳ ಆಡಲಿಕ್ಕೇ ಬರೆಯುತ್ತಿದ್ದೇನೆ. ಆಯುಧಪೂಜೆಯ ಹಿಂದಿನ ದಿನ ಪಂಪ್ ರಿಪೇರಿಯ ಸಾಮಾನನ್ನೆಲ್ಲ ಜಗಲಿಯಲ್ಲಿ ಹರಡಿಕೊಂಡು, "ಹುಣಸೆಹಣ್ಣು ಹಾಕಿ ತಿಕ್ಕು ಮಗಾ, ದೇವ್ರ ಮುಂದೆ ಕೊಳೆ ಇಡ್ಬಾರ್ದು" ಎನ್ನುತ್ತಿದ್ದೆಯಲ್ಲ? ಈ ಸಲವೂ ಹಾಗೇ ತಿಕ್ಕಿದೆ. ಸಾಗರದಿಂದ ಹೊಸದಾಗಿ ತಂದ ಪೈಪ್ ರೆಂಚನ್ನೂ ಬಿಡಲಿಲ್ಲ. ಫಳಫಳ ಹೊಳೆಯಿತು. ಅದಕ್ಕೆ ಅಂಟಿಸಿದ್ದ ಕಂಪನಿ ನಂಬರಿನ ಚೀಟಿ ಮಾತ್ರ ನೀರಿನ ಜೊತೆ ಹೋಯಿತು!

ಕಳೆದ ವಾರ ಹುಲಿಕಲ್ ಶಾಲೆಯ ಪಂಪು ಬಿಚ್ಚುವಾಗ ಆ ರೆಂಚಿನ ಬಾಯಿ ಸೀಳಿಹೋಯಿತು. ಹೆಡ್‌ಮಾಸ್ಟ್ರು, "ಶನಿವಾರದೊಳಗೆ ಆಗ್ದಿದ್ರೆ ತೀರ್ಥಹಳ್ಳಿ ಮೆಕ್ಯಾನಿಕ್ಕನ್ನ ಕರೆಸ್ತೀವಮ್ಮ, ಬೇಜಾರು ಮಾಡ್ಕೋಬೇಡಿ" ಎಂದರು. ನೀನು ತೀರಿಹೋದ ಮೇಲೆ ನಾನೊಬ್ಬಳೇ ಒಪ್ಪಿಕೊಂಡ ಮೊದಲ ಕೆಲಸ. ಅದೂ ಕೈತಪ್ಪಿದರೆ ಊರಲ್ಲಿ ಮತ್ಯಾರು ನನ್ನನ್ನು...

ಬಿಲ್ಲು ಹಿಡಿದು ಸಾಗರದ ಅಂಗಡಿಗೆ ಓಡಿದೆ. ಎರಡು ವರ್ಷದ ವಾರಂಟಿ, ತಂದು ಎರಡು ತಿಂಗಳೂ ಆಗಿಲ್ಲ. ಅಂಗಡಿಯವನು ರೆಂಚನ್ನು ತಿರುಗಿಸಿ ತಿರುಗಿಸಿ ನೋಡಿದ. "ನಂಬರ್ ಎಲ್ಲಮ್ಮ?"

"ಪೂಜೆಗೆ ತೊಳ್ದೆ."

"ಪೂಜೆ ದೇವ್ರಿಗಾಯ್ತು. ನಂಬರ್ ಇಲ್ದೆ ಕಂಪ್ನಿಯವ್ರು ತಗೊಳಲ್ಲ. ಯಜಮಾನ್ರನ್ನ ಕಳ್ಸಿ, ಮಾತಾಡ್ತೀನಿ."

"ರೆಂಚ್ ಹಿಡಿಯೋದು ನಾನೇ ಕಣಪ್ಪಾ!" ಅವನು ನನ್ನ ಬಳೆ ನೋಡಿ ನಕ್ಕ. ಮಾರನೇ ದಿನ ಹೋದರೆ, ನಾಳೆ ಬನ್ನಿ ಎಂದ. ದೇವರೇ, ಬಸ್ಸಿನಲ್ಲಿ ಕೂತು ಎಷ್ಟು ಸಹಸ್ರನಾಮ ಹೇಳಿಕೊಳ್ಳಲಿ?

ಮೂರನೇ ದಿನ ಅವನ ತಕ್ಕಡಿ ಕಣ್ಣಿಗೆ ಬಿತ್ತು. ಮೊಳೆ ತೂಗುವ ಕರೆಂಟಿನ ತಕ್ಕಡಿ. ಮೈತುಂಬ ಗಂಧ, ಕುಂಕುಮ. "ಇದು ಕೆಟ್ರೆ ಕಂಪ್ನಿಗೆ ಏನು ತೋರಿಸ್ತೀಯ? ನಂಬರಿನ ಮೇಲೇ ಬಳ್ದಿದ್ದೀಯಲ್ಲ!" ಎಂದೆ. ಅವನು ಉಗುರಿನಿಂದ ಕೆರೆದ. ಗಂಧದ ಜೊತೆ ಅಂಕಿಯೂ ಎದ್ದು ಬಂತು. ಅಂಗಡಿ ಕೆಲಸದ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡು, "ಅಣ್ಣಾ, ನಮ್ದೂ ಹೋಯ್ತು!" ಎಂದು ನಕ್ಕಳು. ಆಮೇಲೆ ನನ್ನ ಕೈಯಲ್ಲಿದ್ದ ಬಿಲ್ಲು ಓದಿದವಳೂ ಅವಳೇ. "ಇಲ್ಲೇ ಬರ್ದಿದ್ಯಲ್ಲಣ್ಣಾ ರೆಂಚಿನ ನಂಬರು!"

ಮೂರು ದಿನ, ಅಪ್ಪಯ್ಯಾ! ಅದೇ ಬಿಲ್ಲನ್ನು ಮೂರು ದಿನವೂ ಅವನ ಮೂಗಿನ ಕೆಳಗೇ ಹಿಡಿದಿದ್ದೆ. ಅವನಿಗಂತೂ ಆಗಲಿಲ್ಲ, ನಾನಾದರೂ ಓದಬಾರದಿತ್ತಾ?

ಹೊಸ ರೆಂಚು ಸಿಕ್ಕಿತು. ಶುಕ್ರವಾರವೇ ಪಂಪು ಕೂರಿಸಿದೆ, ನೀರು ಬಂತು. ಹದಿನೆಂಟು ವರ್ಷ ಸಾಮಾನು ಎತ್ತಿಕೊಡಲು ಮಾತ್ರ ನಾನು ಬೇಕಾಗಿದ್ದೆ ನಿನಗೆ. ಒಂದು ನಟ್ಟು ಬಿಗಿಯಲು ಬಿಟ್ಟೆಯಾ? ಈಗ ಕೇಳು. ಶಾಲೆಯ ಪಂಪ್ ಶೆಡ್ಡಿನ ಗೋಡೆಯ ಮೇಲೆ ರಿಪೇರಿಯವರು ಅಂತ ಬರೆದಿದ್ದ ನಿನ್ನ ಹೆಸರನ್ನು ಅಳಿಸಿ ಹೆಡ್‌ಮಾಸ್ಟ್ರು ನನ್ನದು ಬರೆಯಲು ಹೊರಟಿದ್ದರು. ಅಳಿಸಬೇಡಿ, ಕೆಳಗೆ ಬರೆಯಿರಿ ಎಂದೆ.