ಬಟ್ಟಲ ನೀರು ತಿಳಿಯಾಗುವವರೆಗೆ

ರೆನ್‌ಫು ಅಣ್ಣಾ,

ಒಬ್ಬರೇ ಗುರುವಿನ ಶಿಷ್ಯರು ನಾವು, ಅದಕ್ಕೇ ಇನ್ನೂ ಅಣ್ಣ ಅನ್ನುತ್ತಿದ್ದೇನೆ. ಈ ಕಾಗದ ನಿನಗೆ ಕಳಿಸುವುದಿಲ್ಲ.

ಇವತ್ತು ಬೆಳಿಗ್ಗೆ ಪೂಜೆಗೆ ನೀರು ತರಲು ಹೋದರೆ ಮಠದ ಹಿಂದಿನ ಒರತೆ ಬತ್ತಿತ್ತು. ಕೆಳಗೆ, ನೀನು ಮಠ ಬಿಟ್ಟು ಕಟ್ಟಿಸಿದ ಬಾಟಲಿ ನೀರಿನ ಕಾರ್ಖಾನೆಯಲ್ಲಿ ಪಂಪು ಗುಡುಗುಡು ಅನ್ನುತ್ತಿತ್ತು. ತೋಫು ಮಾರುವ ಚ್ಯು ಅಜ್ಜಿ ಒಂದು ಬಾಟಲಿ ಕೈಗಿಟ್ಟಳು.

"ತಗೋ, ನಿಮ್ಮದೇ ಒರತೆ. ನಿಮ್ಮಣ್ಣ ಮುಚ್ಚಳ ಹಾಕಿ ಕಳಿಸಿದಾನೆ. ದಾವ್ ಪಂಥದ ಮಠದೋರು ನೀರಿನ ಹಾಗೆ ತಗ್ಗಿ ನಡೀಬೇಕು ಅಂತೀರಲ್ಲ, ಇನ್ನೂ ತಗ್ಗು!"

ಗುರುಗಳ ಕಟ್ಟಳೆ ನೆನಪಿದೆಯಾ? ಜಗಳಕ್ಕೆ ಮೊದಲು ನಡುವೆ ಬಟ್ಟಲು ತುಂಬಿಸಿಡಬೇಕು. ನೀರು ನಿಂತು ಮುಖ ಕಾಣುವವರೆಗೆ ಯಾರೂ ಬಾಯಿ ಬಿಡಬಾರದು. ನೀನಿನ್ನೂ ಮಠದಲ್ಲಿದ್ದಾಗ, ಜಾಗ ಅಳೆಯುವವರು ಬೆಟ್ಟ ಹತ್ತಿ ಬಂದಾಗಲೆಲ್ಲ ಯಾಕೆಂದು ಕೇಳಲು ನಿನ್ನ ಬಳಿ ಬರುತ್ತಿದ್ದೆ. ಪ್ರತಿ ಸಲವೂ ನೀನು ಬಟ್ಟಲು ಇಡುತ್ತಿದ್ದೆ.

"ತಿಳಿಯಾಗಲಿ ತಂಗಿ, ಆಮೇಲೆ ಮಾತಾಡೋಣ."

ನೀರು ತಿಳಿಯಾಗುವಷ್ಟರಲ್ಲಿ ನನ್ನ ಸಿಟ್ಟೂ ಇಳಿದಿರುತ್ತಿತ್ತು. ಅದು ನಿನಗೆ ಗೊತ್ತಿತ್ತು.

ಬಾಟಲಿಯನ್ನು ಮುಚ್ಚಳ ತೆಗೆಯದೆ ಅಜ್ಜಿಗೇ ವಾಪಸ್ ಕೊಟ್ಟೆ. ಒಣ ಬಟ್ಟಲನ್ನು ನಮ್ಮಿಬ್ಬರ ಚಾಪೆಗಳ ನಡುವೆ ಇಟ್ಟುಕೊಂಡು ಕೂತಿದ್ದೇನೆ. ತಿಳಿಯಾಗಲಿ ಎಂದು ಕಾಯಲು ಇನ್ನು ನೀರೇ ಇಲ್ಲ. ಈಗ ಹೇಳು ಅಣ್ಣಾ, ಅಷ್ಟು ಸಲ ಆ ಬಟ್ಟಲಿನ ಮೇಲೆ ಬಗ್ಗಿದೆಯಲ್ಲ, ಒಂದು ಸಲವಾದರೂ ನಿನ್ನ ಮುಖ ನೋಡಿಕೊಂಡೆಯಾ?